165 ಗ್ರಾಂನ ಬೂಟು: ಅಡಿಡಾಸ್ ಎಫ್50 ಅಡಿಝೀರೋ ಈಗ ಕೊಳ್ಳಬಹುದೇ?

ಎಫ್50 ಅಡಿಝೀರೋ ಎಂಬ ಹಗುರ ಫುಟ್ಬಾಲ್ ಬೂಟು ಕೈಗೆ ಸಿಕ್ಕರೆ ಮೊದಲು ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ. 2010ರ ಮೊದಲ ಮಾದರಿ, ಸಿಂಥೆಟಿಕ್ ಅಪ್ಪರ್ (ಪಾದವನ್ನು ಮೇಲಿನಿಂದ ಮುಚ್ಚುವ ಭಾಗ), ಯುಕೆ 8.5 ಸೈಜು: ಒಂದು ಬೂಟಿಗೆ 165 ಗ್ರಾಂ. ಅರ್ಧ ಸೈಜು ಹೆಚ್ಚುಕಮ್ಮಿಯಾದರೆ ನಾಲ್ಕೈದು ಗ್ರಾಂ ಏರಿಳಿಯುತ್ತದೆ, ಅಷ್ಟೇ. ಈಗಿನ ಬಹುತೇಕ ಮೊಬೈಲ್ ಫೋನುಗಳು ಇದಕ್ಕಿಂತ ಭಾರ. ಅದೇ ಅಡಿಡಾಸ್‌ನ ಕೋಪಾ ಮುಂಡಿಯಾಲ್ ತೊಗಲಿನ ಬೂಟನ್ನು ಪಕ್ಕಕ್ಕೆ ಇಟ್ಟು ತೂಗಿದರೆ ಅಂಕಿ 300 ದಾಟುತ್ತದೆ. ಒಂದು ಜೋಡಿ ಅಡಿಝೀರೋ ಹೆಚ್ಚೂಕಡಿಮೆ ಒಂದೇ ಕೋಪಾದ ತೂಕ. ಈ ಒಂದು ಅಂಕಿಯ ಸುತ್ತಲೇ ಬೂಟಿನ ಚಂದವೂ ಇದೆ, ಅದರ ರೋಗವೂ ಇದೆ. ಹದಿನೈದು ವರ್ಷ ದಾಟಿದ ಜೋಡಿಗೆ ದುಡ್ಡು ಕೊಡುವವರು ಎರಡನ್ನೂ ತಿಳಿದು ಕೊಟ್ಟರೆ ಒಳ್ಳೆಯದು.

ಎಫ್50 ಎಂಬ ಹೆಸರು ಶುರುವಾದದ್ದು 2004ರಲ್ಲಿ. ಆಗಿನ ಬೂಟಿಗೆ ಲೇಸ್ ಮುಚ್ಚುವ ಹೊದಿಕೆ ಇತ್ತು, ನೋಟಕ್ಕೆ ಚುರುಕು, ತೂಕದಲ್ಲಿ ಅಂಥ ವಿಶೇಷವೇನಿಲ್ಲ. 2006ರ ವಿಶ್ವಕಪ್ ಹೊತ್ತಿಗೆ ಟ್ಯೂನಿಟ್ ಬಂತು. ಅಪ್ಪರ್ ಬೇರೆ, ಒಳಗಿನ ತಟ್ಟೆ ಬೇರೆ, ನೆಲ ಕಚ್ಚುವ ಅಡಿಯ ಮೊಳೆ, ಅಂದರೆ ಸ್ಟಡ್, ಬೇರೆ. ಮಳೆಗೆ ಒಂದು ಸ್ಟಡ್, ಒಣ ನೆಲಕ್ಕೆ ಇನ್ನೊಂದು, ಬೇಜಾರಾದರೆ ಅಪ್ಪರ್ ಬಣ್ಣವೂ ಬದಲು. ಸವೆದ ಭಾಗ ಮಾತ್ರ ತೆಗೆದು ಹಾಕಬಹುದಿತ್ತು. ಕಲ್ಪನೆ ಚೆನ್ನಾಗಿತ್ತು, ಆದರೆ ತಿರುಪು, ಕೀಲು, ಹೆಚ್ಚುವರಿ ತಟ್ಟೆ ಎಲ್ಲ ಸೇರಿ ಕಾಲಿಗೆ ಭಾರವಾಯಿತು. ನಾಲ್ಕು ವರ್ಷದ ನಂತರ ಅದೇ ಕಂಪನಿ ಪೂರ್ತಿ ಉಲ್ಟಾ ದಾರಿ ಹಿಡಿಯಿತು. ಒಣ ಹುಲ್ಲಿನ ನೆಲಕ್ಕೆಂದು ಮಾಡಿದ ಎಫ್‌ಜಿ ಅಡಿಝೀರೋದಲ್ಲಿ ಬಿಚ್ಚಿ ಬದಲಿಸಬಹುದಾದದ್ದು ಲೇಸ್ ಮತ್ತು ಇನ್‌ಸೋಲ್ ಎರಡೇ. ಉಳಿದದ್ದೆಲ್ಲ ಒಂದಕ್ಕೊಂದು ಅಂಟಿಕೊಂಡಿದೆ, ಒಂದು ಹೋದರೆ ಬೂಟೇ ಹೋದ ಹಾಗೆ.

ಅಪ್ಪರ್‌ಗೆ ಕಂಪನಿ ಇಟ್ಟ ಹೆಸರು ಸ್ಪ್ರಿಂಟ್‌ಸ್ಕಿನ್. ಒಂದೇ ಪದರದ ಸಿಂಥೆಟಿಕ್. ಹಳೆಯ ಬೂಟುಗಳಲ್ಲಿ ತೊಗಲು, ಅದರ ಹಿಂದೆ ಸ್ಪಂಜು, ಅದರ ಹಿಂದೆ ಬಟ್ಟೆಯ ಒಳಪದರ, ಮೇಲೆ ಹೊಲಿಗೆ ಸಾಲು ಇರುತ್ತಿದ್ದವು. ಇಲ್ಲಿ ಅದೆಲ್ಲ ತೆಗೆದರು. ತೆಳು ಪದರ ಓಟದಲ್ಲಿ ಹಿಗ್ಗಿ ಪಾದ ಪಕ್ಕಕ್ಕೆ ಜಾರಬಾರದೆಂದು ಒಳಗಡೆ ಟಿಪಿಯು ಎಂಬ ಬಾಗುವ ಗಟ್ಟಿ ಪ್ಲಾಸ್ಟಿಕ್‌ನ ಪಟ್ಟಿಗಳನ್ನು ಕೊಟ್ಟರು. ಬೂಟಿನೊಳಗೆ ಕೈ ಹಾಕಿ ಪಕ್ಕದ ಗೋಡೆಯನ್ನು ಬೆರಳಿನಿಂದ ಸವರಿದರೆ ಈ ಪಟ್ಟಿಗಳು ಏಣು ಏಣಾಗಿ ಸಿಗುತ್ತವೆ. ಕೊಡೆಯ ಬಟ್ಟೆಗೂ ಕಡ್ಡಿಗೂ ಇರುವ ಸಂಬಂಧವೇ ಇಲ್ಲಿನದೂ: ಬಟ್ಟೆ ಆಕಾರ ಕೊಡುತ್ತದೆ, ಜಗ್ಗಾಟ ತಡೆಯುವುದು ಕಡ್ಡಿ. ವಿನ್ಯಾಸದಲ್ಲಿ ಬುದ್ಧಿ ಖರ್ಚಾದದ್ದು ಇಲ್ಲೇ. ಬರೀ ತೆಳ್ಳಗೆ ಮಾಡುವುದು ದೊಡ್ಡ ಕೆಲಸವಲ್ಲ. ತೆಳ್ಳಗೆ ಮಾಡಿಯೂ ತಿರುವಿನಲ್ಲಿ ಪಾದ ಸೋಲ್ ಬಿಟ್ಟು ಹೊರಗೆ ವಾಲದಂತೆ ನೋಡಿಕೊಳ್ಳುವುದು ಕಷ್ಟ.

ಸೋಲ್ ತಟ್ಟೆ ಸ್ಪ್ರಿಂಟ್‌ಫ್ರೇಮ್. ಇದೂ ತೆಳು, ಗಟ್ಟಿತನ ಬರುವುದು ದಪ್ಪದಿಂದಲ್ಲ, ಮಡಿಕೆಯಂಥ ಏಣುಗಳಿಂದ. ತಗಡಿನ ಶೀಟಿಗೆ ಅಲೆ ಕೊಟ್ಟರೆ ಬಾಗದಲ್ಲ, ಅದೇ ತತ್ವ. ಸ್ಟಡ್‌ಗಳು ತ್ರಿಕೋನ, ಟ್ರಾಕ್ಸಿಯನ್ ಎಂದು ಕರೆಯುತ್ತಿದ್ದರು. ಎಫ್‌ಜಿ ಸೋಲ್‌ನಲ್ಲಿ ಸ್ಟಡ್ ತಟ್ಟೆಯ ಜೊತೆಗೇ ಅಚ್ಚಾಗಿ ಬಂದದ್ದು, ಬಿಚ್ಚಲಾಗದು. ನೆಲ ಕಚ್ಚುವುದರಲ್ಲಿ ಇವು ದುಂಡು ಸ್ಟಡ್‌ಗಿಂತ ಮೇಲು, ಕಾಲು ತಿರುಗಿಸುವಾಗ ಬಿಡಿಸಿಕೊಳ್ಳುವುದರಲ್ಲಿ ಸ್ವಲ್ಪ ಹಠಮಾರಿ. ಮೊಣಕಾಲಿನ ತೊಂದರೆ ಇರುವವರು ಇದನ್ನು ಗಮನಿಸಬೇಕು.

ಪೆಟ್ಟಿಗೆಯಲ್ಲಿ ಎರಡು ಜೊತೆ ಇನ್‌ಸೋಲ್ ಬರುತ್ತಿದ್ದವು: ಒಂದು ಹಗುರದ್ದು, ಇನ್ನೊಂದು ಮೆತ್ತನೆಯದು. ದಪ್ಪ ಇನ್‌ಸೋಲ್ ಹಾಕಿ ತೂಗಿ, "ಇದು ಒರಿಜಿನಲ್ ಅಲ್ಲ" ಎಂದು ಗಾಬರಿಯಾಗಬೇಡಿ. ಆಟಕ್ಕೆ ಮಾತ್ರ ಮೆತ್ತನೆಯದೇ ವಾಸಿ. ತೆಳು ಇನ್‌ಸೋಲ್ ಹಾಕಿದರೆ ಗಟ್ಟಿ ನೆಲದಲ್ಲಿ ಒಂದೊಂದು ಸ್ಟಡ್ಡೂ ಅಂಗಾಲಿಗೆ ಲೆಕ್ಕ ಕೊಡುತ್ತದೆ.

ಕಾಲಿಗೆ ಹಾಕಿದರೆ ಹೇಗೆ? ಬೂಟು ಉದ್ದಕ್ಕೆ ಸರಿ, ಅಗಲಕ್ಕೆ ಕಿರಿದು. ಸಿಂಥೆಟಿಕ್ ಆದ್ದರಿಂದ ತೊಗಲಿನ ಹಾಗೆ ವಾರದಲ್ಲಿ ಹಿಗ್ಗಿ ಹೊಂದಿಕೊಳ್ಳುವುದಿಲ್ಲ. ಮೊದಲ ದಿನ ಕಿರುಬೆರಳ ಬುಡದಲ್ಲಿ ಒತ್ತಿದರೆ ಕೊನೆಯ ದಿನವೂ ಒತ್ತುತ್ತದೆ. ನಮ್ಮ ಕಡೆ ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿ ಮುಂಗಾಲು ಅಗಲವಾದವರು ಬಹಳ. ಅಂಥವರಿಗೆ ಅರ್ಧ ಸೈಜು ದೊಡ್ಡದು ಬೇಕಾಗುತ್ತದೆ, ಆಗ ಹಿಮ್ಮಡಿ ಸಡಿಲವಾಗಿ ಬೊಬ್ಬೆ ಬರುತ್ತದೆ. ಹೊಸ ಬೂಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಾಕಿಕೊಳ್ಳುವ ಉಪಾಯ ಕೆಲವರು ಹೇಳುತ್ತಾರೆ. ತೊಗಲಿಗೆ ಅದು ನಡೆದೀತು, ಇದಕ್ಕೆ ಮಾಡಿದರೆ ಸೋಲ್ ಅಂಟು ಸಡಿಲವಾಗುವುದೊಂದೇ ಲಾಭ. ದಪ್ಪ ಕಾಲುಚೀಲ ಹಾಕಿ ಮೂರು ದಿನ ಅರ್ಧರ್ಧ ಗಂಟೆ ಹಗುರವಾಗಿ ಓಡಿದರೆ ಆಗುವಷ್ಟು ಆಗುತ್ತದೆ.

ಚೆಂಡು ತಾಗಿದಾಗಿನ ಅನುಭವಕ್ಕೆ ಸಾಟಿ ಇಲ್ಲ. ಪಾದಕ್ಕೂ ಚೆಂಡಿಗೂ ನಡುವೆ ಏನೂ ಇಲ್ಲವೆನಿಸುತ್ತದೆ. ಸಣ್ಣ ಸಣ್ಣ ಮುಟ್ಟುವಿಕೆಯಲ್ಲಿ ಚೆಂಡನ್ನು ಹತ್ತಿರ ಇಟ್ಟುಕೊಂಡು ಓಡುವವರಿಗೆ ಇದು ಮಾಡಿಸಿದಂತಿದೆ. ದೂರದಿಂದ ಬಲವಾಗಿ ಒದೆಯುವವರಿಗೆ, ಮೈಮೇಲೆ ಬಿದ್ದು ಚೆಂಡು ಕಸಿಯುವ ಡಿಫೆಂಡರ್‌ಗಳಿಗೆ ಅಷ್ಟಾಗಿ ಹಿಡಿಸದು. ಎದುರಾಳಿ ಪಾದ ತುಳಿದರೆ ಅವನ ಸ್ಟಡ್ ಎಷ್ಟು ಅಂತ ಎಣಿಸಬಹುದು.

ಹಾಗಿದ್ದರೂ ಈ ಬೂಟಿನ ಮೋಹ ಯಾಕೆ ಹೋಗಿಲ್ಲ? ಒಂದು ಕಾರಣ 2010ರ ದಕ್ಷಿಣ ಆಫ್ರಿಕ ವಿಶ್ವಕಪ್. ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವ ಗೋಸುಂಬೆ ನೇರಳೆ ಟಿವಿಯಲ್ಲಿ ಎದ್ದು ಕಾಣುತ್ತಿತ್ತು. ಡೇವಿಡ್ ವಿಯಾ ಐದು ಗೋಲು ಹೊಡೆದ, ಸ್ಪೇನ್ ಮೊದಲ ಬಾರಿ ಕಪ್ ಎತ್ತಿತು. ಜಾಹೀರಾತಿನ ಮುಖವಾಗಿದ್ದ ಮೆಸ್ಸಿಗೆ ಆ ಟೂರ್ನಿಯಲ್ಲಿ ಒಂದೂ ಗೋಲು ಬರಲಿಲ್ಲ ಎಂಬುದು ತಮಾಷೆ. ಅದೇ ಕಂಪನಿಯ ಅದೇ ವರ್ಷದ ಜಬುಲಾನಿ ಚೆಂಡನ್ನು ಗೋಲ್‌ಕೀಪರ್‌ಗಳು ಬೈದುಕೊಂಡೇ ಹಿಡಿದರು. ಬೂಟನ್ನು ಯಾರೂ ಬೈಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಮೆಸ್ಸಿಯೇ ಸಾಲ ತೀರಿಸಿದ. 2012ರ ಒಂದೇ ಕ್ಯಾಲೆಂಡರ್ ವರ್ಷದಲ್ಲಿ 91 ಗೋಲು ಹೊಡೆದಾಗ ಅವನ ಕಾಲಲ್ಲಿದ್ದದ್ದು ಅಡಿಝೀರೋ. ಬೆಂಗಳೂರಿನ ಗೌತಮಪುರದಂಥ ಕಡೆ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಕೇರಿಯಲ್ಲಿ, ಒಂದು ಬೂಟಿನ ಬೆಲೆ ಅದನ್ನು ಯಾರು ಹಾಕಿದ್ದರು ಎಂಬುದರ ಮೇಲೂ ನಿಲ್ಲುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾರಣ, ಇದನ್ನು ದಿಢೀರನೆ ನಿಲ್ಲಿಸಿದ್ದು. 2015ರಲ್ಲಿ ಅಡಿಡಾಸ್ ಎಫ್50, ಪ್ರೆಡೇಟರ್ ಎಲ್ಲವನ್ನೂ ಕೈಬಿಟ್ಟು ಎಕ್ಸ್ ಮತ್ತು ಏಸ್ ಎಂಬ ಹೊಸ ಹೆಸರು ತಂದಿತು. ಅದಕ್ಕೆ ಮುನ್ನ ಸೀಮಿತ ಸಂಖ್ಯೆಯಲ್ಲಿ 99 ಗ್ರಾಂನ ಅಡಿಝೀರೋ ಒಂದನ್ನು ಮಾಡಿ ಬೂಟಿನ ತೂಕವನ್ನು ಎರಡಂಕಿಗೆ ಇಳಿಸಿ ತೋರಿಸಿತು. ಅದು ಆಡುವ ಬೂಟಿಗಿಂತ ಸಾಮರ್ಥ್ಯದ ಪ್ರದರ್ಶನ, ಗಾಜಿನ ಪೆಟ್ಟಿಗೆಗೇ ಹುಟ್ಟಿದ್ದು. 2011ರ ಅಡಿಝೀರೋ ಪ್ರೈಮ್, 145 ಗ್ರಾಂ, ಆಡುವುದಕ್ಕೂ ಬರುತ್ತದೆ, ಸಂಗ್ರಹಕ್ಕೂ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಸಾಲಿನಲ್ಲಿ ಹೆಚ್ಚು ಹುಡುಕಬೇಕಾದದ್ದು ಅದು. 2011ರ ಕೊನೆಗೆ ಬಂದ ಎರಡನೇ ತಲೆಮಾರಿನಲ್ಲಿ ಇನ್‌ಸೋಲ್ ಕೆಳಗೆ ಮೈಕೋಚ್ ಚಿಪ್ ಕೂರಿಸುವ ಗುಳಿ ಇದೆ. ಓಟದ ವೇಗ, ದೂರ ಅಳೆಯಲು ಇದ್ದದ್ದು. ಸೇವೆ ನಿಂತು ವರ್ಷಗಳಾದವು, ಚಿಪ್ ಸಮೇತ ಮಾರುವವರು ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ಅದರ ನಂತರದ ಮಾದರಿಗಳಲ್ಲಿ ಅಪ್ಪರ್ ಮೇಲೆ ಬಲೆಯಂಥ ಉಬ್ಬು ಬಂತು. ಚೆಂಡು ಹಿಡಿತ ಸುಧಾರಿಸಿತು ಎನ್ನಬಹುದು, ಮೊದಲ ಮಾದರಿಯ ನಯವಾದ ಮೈ ಮಾತ್ರ ಹೋಯಿತು.

ಕೊಳ್ಳುವಾಗ

ಹೆಸರಿನಲ್ಲೇ ಮೊದಲ ಮೋಸ. ಎಫ್50.9, ಎಫ್50ಐ ಇವೆಲ್ಲ ಅಡಿಝೀರೋಗಿಂತ ಹಿಂದಿನವು. ಅದೇ ಬಣ್ಣದಲ್ಲಿ ಎಫ್30, ಎಫ್10 ಎಂಬ ಅಗ್ಗದ ಮಾದರಿಗಳೂ ಇದ್ದವು. ಫೋಟೋದಲ್ಲಿ ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆ, "ಎಫ್50" ಎಂದು ಹಾಕಿ ಎಫ್10 ಮಾರುವವರಿಗೆ ಕೊರತೆ ಇಲ್ಲ. ಮಾರುವವರಿಗೆ ಒಂದೇ ಮಾತು ಹೇಳಿ: ಬೂಟನ್ನು ತಕ್ಕಡಿಯ ಮೇಲಿಟ್ಟು, ಅಂಕಿ ಕಾಣುವ ಹಾಗೆ ಫೋಟೋ ಕಳಿಸಿ. 200 ದಾಟಿದರೆ ಮಾತುಕತೆ ಅಲ್ಲಿಗೆ ಸಾಕು.

ಎರಡನೆಯದು ಫಸ್ಟ್ ಕಾಪಿ. ಒಳಗಿನ ಲೇಬಲ್ ನೋಡಿ. ಅಡಿಡಾಸ್ ಲೇಬಲ್‌ನಲ್ಲಿ ಯುಎಸ್, ಯುಕೆ, ಫ್ರೆಂಚ್, ಜಪಾನಿ ಅಳತೆಗಳು, ತಯಾರಾದ ತಿಂಗಳು-ವರ್ಷ, ಆರು ಅಕ್ಷರದ ಆರ್ಟಿಕಲ್ ನಂಬರ್, ಕೆಳಗೆ ಸೀರಿಯಲ್ ನಂಬರ್ ಇರುತ್ತವೆ. ಅಸಲಿಯಲ್ಲಿ ಎಡ ಬಲ ಬೂಟಿನ ಸೀರಿಯಲ್ ನಂಬರ್ ಬೇರೆ ಬೇರೆ. ನಕಲಿ ಮಾಡುವವರು ಒಂದೇ ಲೇಬಲ್ ಎರಡಕ್ಕೂ ಅಂಟಿಸುತ್ತಾರೆ. ಅಳತೆ ಹೊಂದಾಣಿಕೆಯೂ ಸಿಕ್ಕಿಹಾಕಿಕೊಳ್ಳುವ ಜಾಗ: ಯುಕೆ 8 ಎಂದರೆ ಫ್ರೆಂಚ್ 42, ಜಪಾನಿ 265, ಯುಕೆ 8.5 ಎಂದರೆ 42 2/3 ಮತ್ತು 270. ಅಡಿಡಾಸ್‌ನ ಈ ಮೂರನೇ ಒಂದು, ಮೂರನೇ ಎರಡರ ಲೆಕ್ಕ ಬಿಟ್ಟು 42.5 ಎಂದು ಬರೆದಿದ್ದರೆ ಅನುಮಾನಪಡಿ. ಆರ್ಟಿಕಲ್ ನಂಬರನ್ನು ಹುಡುಕಿದಾಗ ಅದೇ ಬಣ್ಣ ಬರಬೇಕು. ಪೆಟ್ಟಿಗೆಯ ಸ್ಟಿಕರ್ ಮತ್ತು ನಾಲಿಗೆಯ ಲೇಬಲ್ ಎರಡರಲ್ಲೂ ಅದು ಒಂದೇ ಇರಬೇಕು.

ಸೋಲ್ ಗುರುತು ಮರೆಯಬೇಡಿ. ಟಿಆರ್‌ಎಕ್ಸ್ ಎಫ್‌ಜಿ ಎಂದರೆ ಹುಲ್ಲಿನ ಒಣ ನೆಲಕ್ಕೆ, ಎಸ್‌ಜಿ ಕೆಸರಿಗೆ, ಎಚ್‌ಜಿ ಗಟ್ಟಿ ನೆಲಕ್ಕೆ. ಆಡುವ ಉದ್ದೇಶವಿದ್ದು ಊರಿನ ಮೈದಾನ ಕೆಂಪು ಮಣ್ಣಿನದಾದರೆ ಎಚ್‌ಜಿ ಸಿಕ್ಕರೆ ಮಾತ್ರ ಯೋಚಿಸಿ. ಹೊರದೇಶದಿಂದ ತರಿಸುವುದಾದರೆ ಕೊರಿಯರ್ ಮತ್ತು ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ, ಬೂಟಿನ ಬೆಲೆ ನೋಡಿ ಮೋಸಹೋಗಬೇಡಿ.

ಎಲ್ಲಿ ಮುರಿಯುತ್ತದೆ

ಹಳೆಯ ರನ್ನಿಂಗ್ ಶೂ ಕಪಾಟಿನಲ್ಲೇ ಪುಡಿಯಾಗುವುದನ್ನು ಕಂಡವರು ಇದಕ್ಕೂ ಅದೇ ಗತಿಯೆಂದು ಹೆದರುತ್ತಾರೆ. ಅಲ್ಲಿ ಪುಡಿಯಾಗುವುದು ಪಾಲಿಯುರೆಥೇನ್ ನೊರೆಯ ಮಿಡ್‌ಸೋಲ್, ಅಂದರೆ ಅಪ್ಪರ್‌ಗೂ ಸೋಲ್‌ಗೂ ನಡುವಿನ ಮೆತ್ತೆ. ಫುಟ್ಬಾಲ್ ಬೂಟಿಗೆ ಮಿಡ್‌ಸೋಲ್ ಇಲ್ಲ, ಹಾಗಾಗಿ ಆ ರೀತಿಯ ಸಾವು ಇಲ್ಲ. ಅದೇ ರೋಗ ಇಲ್ಲಿ ಬೇರೆ ಜಾಗಕ್ಕೆ ಬರುತ್ತದೆ. ಗಾಳಿಯ ತೇವ ಪಾಲಿಯುರೆಥೇನಿನ ಎಸ್ಟರ್ ಬಂಧಗಳನ್ನು ನಿಧಾನಕ್ಕೆ ಕಡಿಯುತ್ತದೆ. ಬೂಟು ಆಡಲಿ, ಪೆಟ್ಟಿಗೆಯಲ್ಲಿ ಮಲಗಿರಲಿ, ಈ ಕೆಲಸ ನಿಲ್ಲುವುದಿಲ್ಲ. ಮೊದಲು ಸೋಲುವುದು ಅಪ್ಪರ್ ಮತ್ತು ಸೋಲ್ ನಡುವಿನ ಅಂಟು, ಅದರಲ್ಲೂ ಹೆಬ್ಬೆರಳಿನ ತುದಿಯಲ್ಲಿ ಮತ್ತು ಪಾದದ ಕಮಾನಿನ ಒಳಬದಿಯಲ್ಲಿ. ಆಮೇಲೆ ಬೆರಳ ಬುಡದ ಮಡಿಕೆಯಲ್ಲಿ ಅಪ್ಪರ್‌ನ ಮೇಲ್ಪದರ ಬಿರಿಯುತ್ತದೆ. ಮೊದಲು ಕೂದಲೆಳೆಯಂಥ ಗೆರೆಗಳು, ಬಳಿಕ ಉಗುರಿಗೆ ಸಿಗುವ ಹಕ್ಕಳೆ. ಲೇಸ್ ತೂತುಗಳು ಹಿಗ್ಗಿ ಹರಿಯುವುದೂ ಉಂಟು, ಹಿಂದೆ ಆನಿಸಿಕೊಳ್ಳಲು ಪದರವೇ ಇಲ್ಲವಲ್ಲ. ಸೋಲ್ ತಟ್ಟೆ ಬಿಸಿಲಿಗೆ ಹಳದಿಯಾಗುತ್ತದೆ, ಗಡುಸಾಗುತ್ತದೆ. ಬಿರುಕು ಸ್ಟಡ್‌ನ ಬುಡದಿಂದಲೇ ಹೊರಡುತ್ತದೆ, ಒತ್ತಡ ಸೇರುವುದು ಅಲ್ಲಿ.

ಆದ್ದರಿಂದ "ಡೆಡ್‌ಸ್ಟಾಕ್, ಒಮ್ಮೆಯೂ ಹಾಕಿಲ್ಲ" ಎಂಬ ಮಾತಿಗೆ ಎರಡು ಪಟ್ಟು ಕೊಡುವ ಮುನ್ನ ಮಾರುವವರಿಂದ ಒಂದು ವಿಡಿಯೊ ಕೇಳಿ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಮುಂಗಾಲು ಹಿಡಿದು ಬೂಟನ್ನು ನಡೆಯುವಾಗ ಬಾಗುವಷ್ಟೇ, ಸುಮಾರು 30 ಡಿಗ್ರಿ, ನಿಧಾನವಾಗಿ ಬಾಗಿಸಬೇಕು. ಹತ್ತಿರದಿಂದ ತೆಗೆಯಬೇಕು, ಶಬ್ದ ಕೇಳಬೇಕು. ಚಟಚಟ ಎಂದರೆ ಅಂಟು ಬಿಡುತ್ತಿದೆ. ಅಪ್ಪರ್ ಮತ್ತು ಸೋಲ್ ಸೇರುವ ಅಂಚಿನಲ್ಲಿ ವಿಸಿಟಿಂಗ್ ಕಾರ್ಡಿನ ಮೂಲೆ ತೂರಿದರೆ ಅಲ್ಲಿ ಈಗಾಗಲೇ ಬಿಟ್ಟಿದೆ. ಬಾಗಿಸಲು ಮಾರುವವರೇ ಹಿಂದೇಟು ಹಾಕಿದರೆ ಉತ್ತರ ಸಿಕ್ಕಿತು.

ಅಂಟು ಬಿಟ್ಟದ್ದು ಮಾತ್ರವಾದರೆ ಸರಿಪಡಿಸಬಹುದು, ಬಿರಿದ ಅಪ್ಪರ್ ಆಗದು. ಫೆವಿಕ್ವಿಕ್ ಥರದ ಅಂಟು ಹಾಕಬೇಡಿ: ಒಣಗಿದರೆ ಗಾಜಿನಂತೆ ಗಡುಸು, ಮೊದಲ ಬಾಗಿಗೇ ಒಡೆಯುತ್ತದೆ, ಮತ್ತೆ ಕೆರೆದು ತೆಗೆಯುವಾಗ ಅಪ್ಪರ್‌ನ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ರಸ್ತೆ ಬದಿಯ ರಿಪೇರಿಯವರು ಹಾಕುವ ಹಳದಿ ಸೊಲ್ಯೂಷನ್ ತೊಗಲಿಗೆ, ರಬ್ಬರಿಗೆ ಚೆನ್ನ, ಟಿಪಿಯು ತಟ್ಟೆಗೆ ಗಟ್ಟಿಯಾಗಿ ಕಚ್ಚದು. ಸೋಲ್ ಸುತ್ತ ಹೊಲಿಗೆ ಹಾಕಿಸಿದರಂತೂ ಮುಗಿಯಿತು, ದಬ್ಬಳದ ಪ್ರತಿ ತೂತೂ ಒಂದು ಬಿರುಕಿನ ಹುಟ್ಟುಜಾಗ. ಬೇಕಾದದ್ದು ಪಾದರಕ್ಷೆಗೆಂದೇ ಬರುವ ಪಾಲಿಯುರೆಥೇನ್ ಅಂಟು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಹಳೆ ಅಂಟು, ಧೂಳು ಒರೆಸಿ. ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಹತ್ತಿರ ತರಬೇಡಿ, ಬಣ್ಣವೂ ಹೋಗುತ್ತದೆ ತಟ್ಟೆಯೂ ಮಬ್ಬಾಗುತ್ತದೆ. 220 ನಂಬರಿನ ಉಪ್ಪುಕಾಗದದಿಂದ ಅಂಟುವ ಜಾಗ ಮಾತ್ರ ಹಗುರವಾಗಿ ಉಜ್ಜಿ. ಎರಡೂ ಕಡೆ ತೆಳ್ಳಗೆ ಅಂಟು ಬಳಿದು ಹತ್ತು ಹದಿನೈದು ನಿಮಿಷ ಬಿಡಿ. ಬೆರಳಿಗೆ ಅಂಟದಂತಾದ ಮೇಲೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಅಂಟು ಮತ್ತೆ ಜೀವ ಪಡೆಯುತ್ತದೆ, ಆಗ ಒತ್ತಬೇಕು. ಈ ಬಿಸಿಯ ಹಂತ ಬಿಟ್ಟವರೇ "ಎರಡು ದಿನಕ್ಕೆ ಮತ್ತೆ ಬಿಟ್ಟಿತು" ಎನ್ನುವುದು. ಬೂಟಿನೊಳಗೆ ಬಟ್ಟೆ ಬಿಗಿಯಾಗಿ ತುಂಬಿ, ಹೊರಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ 24 ಗಂಟೆ ಬಿಡಿ.

ಇಡುವ ವಿಚಾರದಲ್ಲಿ ಮಂಗಳೂರಿಗೂ ಕಲಬುರಗಿಗೂ ಒಂದೇ ಸೂತ್ರ ನಡೆಯದು. ಕರಾವಳಿ, ಮಲೆನಾಡಿನ ಮಳೆಗಾಲದ ಮೂರ್ನಾಲ್ಕು ತಿಂಗಳು ಬೂಟಿನ ವೈರಿ. ಮೂಲ ಪೆಟ್ಟಿಗೆಯ ರಟ್ಟೇ ತೇವ ಹೀರಿ ಬೂಟಿಗೆ ಕೊಡುತ್ತದೆ. ಅಲ್ಲಿಯವರು ಬೂಟನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ಮೂವತ್ತು-ನಲವತ್ತು ರೂಪಾಯಿಯದಲ್ಲದ ನೆಟ್ಟಗಿನ ತೇವಮಾಪಕವೊಂದನ್ನು ಒಳಗೆ ಸೇರಿಸಿದರೆ ನೆಮ್ಮದಿ. 40ರಿಂದ 50 ಶೇಕಡಾ ಇದ್ದರೆ ಸಾಕು. ಸಿಲಿಕಾ ಇಲ್ಲದೆ ಬರೀ ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ತೇವ ಒಳಗೇ ಉಳಿದು ಇನ್ನೂ ಕೆಡುಕು. ಕಲಬುರಗಿ, ರಾಯಚೂರಿನ ಕಡೆ ತೇವಕ್ಕಿಂತ ಬೇಸಿಗೆಯ ಕಾವು ಅಪಾಯ. ಅಟ್ಟದ ಮೇಲೆ, ತಾರಸಿ ಕೆಳಗಿನ ಕಪಾಟಿನಲ್ಲಿ ಇಡಬೇಡಿ. ಎಲ್ಲೇ ಇರಲಿ, ಒಳಗೆ ನ್ಯೂಸ್‌ಪೇಪರ್ ತುರುಕಬೇಡಿ, ಶಾಯಿ ಅಂಟುತ್ತದೆ. ಬಿಳಿ ಟಿಶ್ಯೂ ಪೇಪರ್ ಸಾಕು. ಗಾಜಿನ ಕಪಾಟಿನಲ್ಲಿ ಕಿಟಕಿ ಎದುರು ಇಟ್ಟರೆ ಆರೇ ತಿಂಗಳಲ್ಲಿ ಬಿಸಿಲಿಗೆ ಬಿದ್ದ ಬದಿ ಬೇರೆ ಬಣ್ಣ ತಿರುಗಬಹುದು. ನೇರಳೆ ಜೋಡಿಯಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ.

2024ರಲ್ಲಿ ಅಡಿಡಾಸ್ ಎಫ್50 ಹೆಸರನ್ನು ಮತ್ತೆ ತಂದಿದೆ. ಆಡುವುದಕ್ಕೆ ಹಗುರ ಬೂಟು ಬೇಕಾದವರು ಅದನ್ನೇ ಕೊಳ್ಳಿ. ಅಂಟು ಹೊಸದು, ವಾರಂಟಿ ಇದೆ, ಸೈಜು ಅಂಗಡಿಯಲ್ಲಿ ಹಾಕಿ ನೋಡಬಹುದು. 2010ರ ಜೋಡಿಯನ್ನು ಮೈದಾನಕ್ಕೆ ಒಯ್ಯುವುದು ದಂಡ, ಒಂದು ಪಂದ್ಯಕ್ಕೇ ಸೋಲ್ ಕಿತ್ತು ಬಂದರೆ ಯಾರನ್ನೂ ದೂರುವಂತಿಲ್ಲ. ಇಟ್ಟುಕೊಳ್ಳುವುದಕ್ಕಾದರೆ, ಹೆಚ್ಚು ಆಡಿರದ, ಅಪ್ಪರ್ ಬಿರಿಯದ, ಅಂಟು ಒಂದೆರಡು ಕಡೆ ಬಿಟ್ಟ ಜೋಡಿಯನ್ನು ಕಡಿಮೆ ಬೆಲೆಗೆ ತೆಗೆದುಕೊಂಡು ಕೂರಿಸುವುದು, ಪೆಟ್ಟಿಗೆ ಸಮೇತದ "ಹೊಸದ"ಕ್ಕೆ ಸುರಿಯುವುದಕ್ಕಿಂತ ಜಾಣತನ. ಆ ಹೊಸದರ ಅಂಟಿಗೂ ವಯಸ್ಸು ಅಷ್ಟೇ ಆಗಿದೆ. ಎರಡೂ ಇನ್‌ಸೋಲ್ ಜೊತೆಗಿದೆಯೇ ಎಂದು ಮಾತ್ರ ಕೇಳಿ. ಬಹಳ ಜೋಡಿಗಳಲ್ಲಿ ಕಳೆದುಹೋಗಿರುವುದು ಅದೇ ತೆಳುವಾದದ್ದು, 165 ಅಂಕಿ ತಕ್ಕಡಿಯಲ್ಲಿ ಕಾಣಬೇಕಾದರೆ ಅದು ಬೇಕು.